ಮೂರು ಗಾಡಿ, ಎರಡು ಹೂವು

ಚಾಮರಾಜನಗರದ ಆ ಷೋರೂಮಿನಲ್ಲಿ ಆವತ್ತು ಇದ್ದವರು ನಾಲ್ಕೇ ಜನ. ನಾನು, ನನ್ನ ಅಣ್ಣ, ನಮ್ಮ ಸೋದರಮಾವ, ಕೊರಳಿಗೆ ಟ್ಯಾಗು ನೇತುಹಾಕಿಕೊಂಡಿದ್ದ ಸೇಲ್ಸಿನವನು. ನಮ್ಮ ನಡುವೆ, ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸಲು ಸಿಂಗರಿಸಿದ ಹೋರಿಯ ಹಾಗೆ, ಮೂತಿಗೆ ರಿಬ್ಬನ್ನು ಕಟ್ಟಿಸಿಕೊಂಡ ಹೊಸ ಪಿಕಪ್ಪು ನಿಂತಿತ್ತು.

ಕಂಪನಿಗಳ ಹೆಸರು ಬರೆದು ಯಾರ ಮೇಲೂ ಗೂಬೆ ಕೂರಿಸುವ ಆಸೆ ನನಗಿಲ್ಲ. ನನ್ನ ಜಗಳ ಕಂಪನಿಗಳ ಮೇಲಲ್ಲ. ನಮ್ಮ ಮನೆಯಲ್ಲಿ ಷೋರೂಮಿನ ಬೋರ್ಡಿನ ಬಣ್ಣ ಹಿಡಿದು ಮಾತಾಡುತ್ತಿದ್ದೆವು. ಕೆಂಪಿಂದು, ಬಿಳೀದು, ನೀಲೀದು. ಇಲ್ಲೂ ಹಾಗೇ ಹೇಳುತ್ತೇನೆ. ಆವತ್ತು ನಾವಿದ್ದದ್ದು ಕೆಂಪು ಬೋರ್ಡಿನ ಷೋರೂಮಿನಲ್ಲಿ.

ಗಾಡಿ ಯಾಕೆ ಬೇಕಾಗಿತ್ತು ಅನ್ನೋದನ್ನ ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಹುಚ್ಚಿನ ಹಾಗೆ ಕಂಡೀತು. ಹರವೆ ಸುತ್ತಿನ ಹಳ್ಳಿಗಳಿಂದ ಸಾಂಬಾರ್ ಈರುಳ್ಳಿ, ಟೊಮೆಟೊ, ನುಗ್ಗೆ, ಬಾಳೆಲೆ ನಮ್ಮ ಗುಂಡ್ಲುಪೇಟೆಯ ಶೆಡ್ಡಿಗೆ ಬರುತ್ತವೆ. ಅಣ್ಣ ಅಲ್ಲಿ ಕೂತು ಸರಕು ಹಿಡಿಯುತ್ತಾನೆ. ನಾನು ಅದನ್ನು ಊಟಿಗೆ ಒಯ್ಯುತ್ತೇನೆ. ಬಂಡೀಪುರದ ಕಾಡಿನ ಗೇಟು ರಾತ್ರಿ ಹಾಕಿದರೆ ಬೆಳಿಗ್ಗೆ ಆರಕ್ಕೇ ತೆಗೆಯುವುದು. ಆರಕ್ಕೆ ಗೇಟು ಎತ್ತಿದಾಗ ಸಾಲಿನಲ್ಲಿ ನಿಂತ ಪಿಕಪ್ಪುಗಳೆಲ್ಲ ಒಟ್ಟಿಗೇ ಹೊರಡುತ್ತವೆ. ಕಾಡಿನೊಳಗೆ ಯಾರೂ ಯಾರನ್ನೂ ಹಿಂದೆ ಹಾಕುವ ಹಾಗಿಲ್ಲ. ಹಂಪುಗಳು, ಆನೆ, ಫಾರೆಸ್ಟಿನವರು. ಗೂಡಲೂರು ದಾಟಿದ ಮೇಲೆ ಘಾಟಿ. ಅಲ್ಲಿ ಯಾರ ಇಂಜಿನ್ನು ಎಳೆಯುತ್ತದೋ ಅವನು ಮೊದಲು ಮಾರ್ಕೆಟ್ಟು ಮುಟ್ಟುತ್ತಾನೆ.

ಮಾರ್ಕೆಟ್ಟಿನಲ್ಲಿ ಒಬ್ಬ ಅಣ್ಣಾಚಿ ಇದ್ದಾನೆ. ತಮಿಳು ವ್ಯಾಪಾರಿ, ಊಟಿಯ ಎಷ್ಟೋ ಹೋಟೆಲುಗಳಿಗೆ ತರಕಾರಿ ಕೊಡುವವನು. ಒಂಬತ್ತೂವರೆಗೆ ಅವನ ಆಟೋಗಳು ಹೋಟೆಲುಗಳಿಗೆ ಹೊರಡಬೇಕು. ಅಷ್ಟರೊಳಗೆ ಬಂದ ಸರಕು ಅವನದು, ಆಮೇಲೆ ಬಂದದ್ದು ಯಾರದೂ ಅಲ್ಲ. ಹನ್ನೆರಡು ವರ್ಷದಿಂದ ಅವನು ನಮ್ಮ ಈರುಳ್ಳಿಯನ್ನೇ ಹಿಡಿದದ್ದು. ನಮ್ಮ ಮನೆ ನಿಂತಿದ್ದದ್ದು ಅವನ ಆ ವಾಡಿಕೆಯ ಮೇಲೆ. ಆದರೆ ಹಳೇ ಪಿಕಪ್ಪಿಗೆ ವಯಸ್ಸಾಗಿತ್ತು. ಒಂಬತ್ತು ಗಂಟೆಗೆ ಮುಟ್ಟುತ್ತಿದ್ದವನು ಒಂಬತ್ತೂಕಾಲಿಗೆ, ಆಮೇಲೆ ಒಂಬತ್ತೂ ಇಪ್ಪತ್ತೈದಕ್ಕೆ ಮುಟ್ಟುವ ಹಾಗಾಯಿತು. ಅಣ್ಣಾಚಿ ವಾಚು ನೋಡಿಕೊಂಡ. ಹೊಸ ಗಾಡಿ ಘಾಟಿಯಲ್ಲಿ ಎಳೆದರೆ ಆ ವಾಡಿಕೆ ಉಳಿಯುತ್ತೆ, ಎಳೆಯದಿದ್ದರೆ ಹೋಗುತ್ತೆ. ಇದ್ದದ್ದು ಇಷ್ಟೇ ವಿಷಯ.

ಕೆಂಪು ಷೋರೂಮಿನವನು ಒಳ್ಳೇ ಮಾತುಗಾರ. ಲ್ಯಾಪ್‌ಟಾಪು ತೆಗೆದು ನನ್ನ ಮುಂದಿಟ್ಟ. "ಸಾರ್, ಒಂದೂವರೆ ಲೀಟರ್ ಟರ್ಬೊ ಡೀಸೆಲ್ಲು. ಇದೇ ಗಾಡಿ ಗ್ಯಾಸಲ್ಲೂ ಬರುತ್ತೆ, ಆದ್ರೆ ನಿಮ್ ರೂಟಿಗೆ ನಾನು ಗ್ಯಾಸ್ ಹೇಳಲ್ಲ ಸಾರ್." ಮಾರುವವನೇ ತನ್ನ ಸರಕಿನಲ್ಲಿ ಒಂದನ್ನು ಬೇಡ ಅಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಬಿಳಿ ಬೋರ್ಡಿನೋರು ಎರಡೂವರೆ ಲೀಟ್ರು ಅಂತಾರಲ್ಲಪ್ಪ?" ಅಂದೆ.

ನಮ್ಮ ಮಾವ ನಡುವೆ ಬಾಯಿ ಹಾಕಿದ. ಅವನು ಊಟಿ ಲೈನಿನಲ್ಲೇ ಬಸ್ಸು ಓಡಿಸಿ ರಿಟೈರ್ ಆದವನು. "ಲೀಟ್ರು ಅಂದ್ರೆ ಹೊಟ್ಟೆ ಕಣ್ಲಾ ಅಳಿಯ. ಹೊಟ್ಟೆ ದೊಡ್ಡದಾಗಿರೋನೆಲ್ಲ ಮೂಟೆ ಹೊರ್ತಾನಾ? ನಿಮ್ಮಣ್ಣನ್ನೇ ನೋಡು."

ನಾನು ನಕ್ಕೆ, ಸೇಲ್ಸಿನವನೂ ನಕ್ಕ. ಅಣ್ಣ ಬಾಗಿಲ ಹತ್ತಿರ ನಿಂತು ಗೋಡೆಯ ಮೇಲಿದ್ದ ಪಟ ನೋಡುತ್ತಿದ್ದ. ಟೇಬಲ್ಲಿನ ಮುಂದೆ ಇದ್ದದ್ದು ಎರಡು ಕುರ್ಚಿ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಮಂಡಿನೋವಿನ ಮಾವ. ಅದನ್ನು ನಾನು ಆಗ ಗಮನಿಸಲೇ ಇಲ್ಲ. ಗಾಡಿಯ ಗುಂಗಿನಲ್ಲಿದ್ದೆ.

ಆಮೇಲೆ ಒಂದು ತಿಂಗಳು ನಾನು ಮಾಡಿದ ಕೆಲಸ ಹೆಣ್ಣು ನೋಡುವವರೂ ಮಾಡಿರಲಿಕ್ಕಿಲ್ಲ. ಬಿಳಿ, ನೀಲಿ ಷೋರೂಮುಗಳಿಗೆ ಒಂದೊಂದು ಸಲ ಅಣ್ಣನನ್ನೂ ಕರೆದುಕೊಂಡು ಹೋದೆ. ಬಿಳಿ ಬೋರ್ಡಿನ ಡೀಸೆಲ್ಲು ನೋಡಿದೆ. ಶಕ್ತಿ ಅದಕ್ಕೂ ಇತ್ತು, ಸುಳ್ಳು ಹೇಳಬಾರದು, ಆದರೆ ಕ್ಲಚ್ಚು ಕಲ್ಲು. ದಿನಕ್ಕೆ ಇನ್ನೂರು ಸಲ ಅದನ್ನು ತುಳಿದರೆ ನನ್ನ ಎಡಗಾಲು ಬೇರೆಯವರ ಕಾಲಾಗುತ್ತಿತ್ತು. ಗುಂಡ್ಲುಪೇಟೆಯ ನೀಲಿ ಬೋರ್ಡಿನದು ಗ್ಯಾಸಿನ ಗಾಡಿ. ಇಂಜಿನ್ನು ಪೆಟ್ರೋಲಿಂದು, ಓಡೋದು ಗ್ಯಾಸಿನಲ್ಲಿ. ಸದ್ದಿಲ್ಲ, ಹೊಗೆಯಿಲ್ಲ, ಸೀಟು ಮೆತ್ತಗೆ. ಮೈಸೂರಿಗೆ ಸೊಪ್ಪು ಒಯ್ಯುವವನಿಗೆ ಅದಕ್ಕಿಂತ ಬೇರೆ ಬೇಡ.

ಮೂವರಿಗೂ ನಾನು ಒಂದೇ ಮಾತು ಹೇಳಿದೆ. ಖಾಲಿ ಗಾಡಿ ಓಡಿಸಿ ತೋರಿಸಬೇಡಿ, ಲೋಡು ಹಾಕಿ ತೋರಿಸಿ. ಬಿಳಿಯವರೂ ನೀಲಿಯವರೂ ಮೊದಲು ಒಪ್ಪಲಿಲ್ಲ. ಕಡೆಗೆ ಮೂರು ಗಾಡಿಗೂ ಬೇರೆ ಬೇರೆ ದಿನ, ನಮ್ಮ ಶೆಡ್ಡಿನದೇ ಈರುಳ್ಳಿ, ಅದೇ ಮೂವತ್ತು ಮೂಟೆ ಏರಿಸಿ, ಗುಂಡ್ಲುಪೇಟೆಯ ಆಚೆ ಬೆಟ್ಟದ ಕಡೆ ಹೋಗುವ ಅದೇ ಏರಿನಲ್ಲಿ ಹತ್ತಿಸಿದೆ. ಪಕ್ಕದಲ್ಲಿ ಮಾವ. ಕೆಂಪಿಂದು ಮೂರನೇ ಗೇರಿನಲ್ಲಿ ಹತ್ತಿತು, ಎಲ್ಲೂ ಉಸಿರು ಬಿಡಲಿಲ್ಲ. ಬಿಳೀದು ಎರಡು ಮೂರು ಅಂತ ಗೇರು ಬದಲಾಯಿಸಿಕೊಂಡು ಹತ್ತಿತು. ನೀಲೀದು ಅರ್ಧಕ್ಕೆ ಎರಡಕ್ಕಿಳಿದು, ಆಮೇಲೆ ಒಂದಕ್ಕಿಳಿದು, ಬಾಣಂತಿಯ ಹಾಗೆ ಒಂದೊಂದೇ ಹೆಜ್ಜೆ ಹಾಕಿತು.

ಮಾವ ಇಳಿದು ಟವೆಲ್ಲು ಕೊಡವಿದ. "ನಡ್ಕಂಡೇ ಬಂದಿದ್ರೆ ಇಷ್ಟೊತ್ಗೆ ಬೀಡಿ ಸೇದಿ ಮುಗ್ಸಿರ್ತಿದ್ದೆ ಕಣ್ಲಾ."

ಇದನ್ನೆಲ್ಲ ಕಡೇ ಗಾಡಿ ಹತ್ತಿಸಿದ ದಿನ ಸಂಜೆ ಅಣ್ಣನಿಗೆ ಒಂದೂ ಬಿಡದೆ ಹೇಳಿದೆ. ಅವನು ಎಲೆ ಅಡಿಕೆ ಮಡಿಸುತ್ತ ಎಲ್ಲ ಕೇಳಿದ. "ಆಯ್ತು ಬುಡು, ಸೋಮ್ವಾರ ಮಾದಪ್ಪನ ಗುಡೀಗೋಗಿ ಹೂ ಕೇಳ್ಬುಟ್ಟು ತೀರ್ಮಾನ ಮಾಡನ" ಅಂದ. ನಾನು ಹೂಂ ಅಂದೆ. ನಮ್ಮ ಮನೆಯಲ್ಲಿ ಬೋರು ಕೊರೆಸಿದ್ದೂ ಹೂ ಕೇಳಿಯೇ, ಅಕ್ಕನ ಮದುವೆ ಮಾಡಿದ್ದೂ ಹೂ ಕೇಳಿಯೇ. ಕೆಂಪಿಂದಕ್ಕೆ ಹೂ ಕೇಳುತ್ತಾನೆ, ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ, ಅಂತ ನಾನಂದುಕೊಂಡೆ. ಬಲಕ್ಕೆ ಬೀಳುತ್ತೆ ಅನ್ನುವ ನಂಬಿಕೆಯೂ ಇತ್ತು. ಮೂವತ್ತು ಮೂಟೆ ಹೊರಿಸಿ ನೋಡಿದ್ದು ದೇವರಿಗೂ ಕಂಡಿರುತ್ತದಲ್ಲ.

ಸೋಮವಾರ ಗುಡಿಯಲ್ಲಿ ಪೂಜಾರಪ್ಪ ಲಿಂಗದ ಎಡಕ್ಕೂ ಬಲಕ್ಕೂ ಒಂದೊಂದು ಹೂವನ್ನು ನೀರಿನಲ್ಲಿ ಅದ್ದಿ ಅಂಟಿಸಿದ. ಅಂಟಿಸಿ, "ಏನಂದ್ಕಂಡಿದಿಯೋ ಏಳ್ಕೊ ಗೌಡ" ಅಂದ. ಅಣ್ಣ ಕಣ್ಣು ಮುಚ್ಚಿ, ಎಲ್ಲರಿಗೂ ಕೇಳುವ ಹಾಗೆ ಅಂದ:

"ಮಾದಪ್ಪ, ನೀಲೀದಾದ್ರೆ ಬಲಕ್ಕೆ ಕೊಡು. ಬಿಳೀದಾದ್ರೆ ಎಡಕ್ಕೆ ಕೊಡು."

ನಾನು ಕೈ ಮುಗಿದುಕೊಂಡು ನಿಂತಿದ್ದೆ. ಕಿವಿಗೆ ಬಿದ್ದದ್ದು ತಲೆಗೆ ಹೋಗಲು ಒಂದು ಗಳಿಗೆ ಹಿಡಿಯಿತು. ಕೆಂಪಿಂದು ಎಲ್ಲಿ? ಮೂರು ಗಾಡಿ ನೋಡಿದ್ದೇವೆ, ದೇವರ ಮುಂದೆ ಎರಡೇ ಯಾಕೆ? ನಾಲಿಗೆಯ ತುದಿಗೆ ಬಂತು. ಆದರೆ ಹೂ ಇಟ್ಟು ಮಾತು ಹೇಳಿಕೊಂಡ ಮೇಲೆ, ಅದು ಬೀಳುವ ತನಕ ಇನ್ನೊಬ್ಬರು ಬಾಯಿ ಬಿಡಬಾರದು. ನನ್ನ ಅಜ್ಜಿ ನನಗೆ ಮಾತು ಕಲಿಸಿದವಳು, ಯಾವಾಗ ಮಾತಾಡಬಾರದು ಅನ್ನೋದನ್ನೂ ಅವಳೇ ಕಲಿಸಿದ್ದಳು. ಬಾಯಿ ಬಿಡಲಿಲ್ಲ. ಹತ್ತು ನಿಮಿಷ ನಿಂತೆ. ಹೂವಿನಿಂದ ನೀರು ಇಳಿಯುವುದನ್ನು ನೋಡುತ್ತ, ಒಳಗೆ ಕುದಿಯುತ್ತ, ಹೊರಗೆ ಕೈ ಮುಗಿದುಕೊಂಡು.

ಬಲಗಡೆಯ ಹೂ ಬಿತ್ತು. ಪೂಜಾರಪ್ಪ ಅದನ್ನು ಎತ್ತಿ ಅಣ್ಣನ ಕೈಗಿಟ್ಟ. "ಆಯ್ತಲ್ಲ, ಓಗ್ಬುಟ್ ಬಾ. ಒಳ್ಳೇದಾಯ್ತದ."

ದೇವರ ಮೇಲೆ ನನಗೆ ಸಿಟ್ಟಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟ. ಕೇಳದೇ ಇದ್ದದ್ದಕ್ಕೆ ಅವನಾದರೂ ಹೇಗೆ ಕೊಟ್ಟಾನು? ಇದ್ದದ್ದು ಎರಡು ಕಡೆ, ಎರಡು ಹೂವು. ಮೂರನೆಯದನ್ನು ಹೊಸ್ತಿಲ ಹೊರಗೇ ಬಿಟ್ಟು ಬಂದವನು ನಮ್ಮಣ್ಣ. ಮನುಷ್ಯ ಮಾಡಿದ ಆಯ್ಕೆಗೆ ದೇವರ ಹೆಸರು ಅಂಟಿಸಿದರೆ ಅದರ ಮುಂದೆ ಯಾರೂ ಮಾತಾಡುವ ಹಾಗಿಲ್ಲ ನೋಡಿ, ಅದು ಇವತ್ತಿಗೂ ನನ್ನ ಮೈ ಉರಿಸುತ್ತೆ.

ಮನೆಗೆ ಬಂದದ್ದೇ ತಡ, ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ಕೆಂಪಿಂದನ್ನ ಯಾಕ್ ಬುಟ್ಟೆ?"

"ಯಾವ್ ಕೆಂಪಿಂದು?"

"ಯಾವ್ ಕೆಂಪಿಂದಾ? ಒಂದು ತಿಂಗ್ಳು ನಿನ್ ಕಿವೀಲಿ ಊದಿದ್ದು ಯಾವ್ದಣ್ಣ? ನಾನೇನು ಗಾಳಿಪಟದ ಬಣ್ಣ ಏಳ್ತಿದ್ನಾ?"

"ಹೂ ಬಿದ್ಮೇಲೆ ಮಾತಿಲ್ಲ ಕಣ್ಲಾ."

"ಹೂ ಬೀಳೋಕ್ ಮುಂಚೆ ಮಾತಾಡೋ ಅಂಗಿಲ್ಲ, ಬಿದ್ಮೇಲೂ ಮಾತಾಡೋ ಅಂಗಿಲ್ಲ. ಇನ್ಯಾವಾಗ ಮಾತಾಡನ? ಘಾಟೀಲಿ ಗಾಡಿ ನಿಂತ್ಕಂಡಾಗ್ಲಾ?"

"ಅಪಶಕುನ ನುಡೀಬ್ಯಾಡ. ಮಾದಪ್ಪ ಕೊಟ್ಟವ್ನ."

"ಮಾದಪ್ಪ ಕೊಟ್ಟಿಲ್ಲ, ನೀನ್ ಕೊಟ್ಟಿದ್ದು. ಮಾದಪ್ಪನ ಕೈಲಿ ಕೊಡ್ಸಿದ್ದು."

ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ಅಪ್ಪ ಇಲ್ಲದ ಮನೆಯಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ಸ್ಕೂಲಿಗೆ ಬಿಟ್ಟವನು. ಅವನ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು. ಅವನು ಎದ್ದು ಶೆಡ್ಡಿಗೆ ಹೋದ. ನಾನು ಜಗುಲಿಯ ಮೇಲೆ ಕೂತೆ, ಕಾಫಿ ಬೇಡ ಅಂದೆ.

ಅತ್ತಿಗೆ ಕಾಫಿ ತಂದಿಟ್ಟಳು. ಇಟ್ಟು ಪಕ್ಕದ ಕಂಬಕ್ಕೆ ಒರಗಿ ನಿಂತಳು. "ಒಂದ್ ಮಾತ್ ಏಳ್ತಿನಿ, ನಾನ್ ಏಳ್ದೆ ಅನ್ಬ್ಯಾಡಪ್ಪ. ಆ ಷೋರೂಮಲ್ಲಿ ಅವ್ರನ್ನ ಯಾರೂ ಕೂತ್ಕೊಳಿ ಅನ್ನಲಿಲ್ವಂತೆ. ಒಂದ್ ಗಂಟೆ ನಿಂತಿದ್ರಂತೆ. ನೀನೂ ಮಾವನೂ ಕೂತ್ಕಂಡು ನಗ್ತಿದ್ರಂತೆ. ಆವತ್ತು ರಾತ್ರಿ ಊಟಾನೇ ಮಾಡಲಿಲ್ಲ."

ನಾನು ಕಾಫಿ ಲೋಟ ಹಿಡಿದುಕೊಂಡೇ ಇದ್ದೆ. ಒಂದು ಕುರ್ಚಿ! ನೀಲಿ ಬೋರ್ಡಿನವರು ಅವನನ್ನು ಯಜಮಾನ್ರೇ ಅಂದು, ಫ್ಯಾನಿನ ಕೆಳಗೆ ಕೂರಿಸಿ, ಎಳನೀರು ತರಿಸಿದ್ದರು. ಬಿಳಿಯವರು ಕಡೇಪಕ್ಷ ಬೆಂಚು ತೋರಿಸಿದ್ದರು. ಕೆಂಪಿನವನು ಇಂಜಿನ್ನಿನ ವಿಷಯ ಬಾಯಿ ನೋಯುವಷ್ಟು ಹೇಳಿದ, ಮನೆಯ ಹಿರಿಯನಿಗೆ ಕೂತ್ಕೊಳಿ ಅನ್ನುವ ಒಂದು ಮಾತು ಹೇಳಲಿಲ್ಲ. ನಾನೂ ಹೇಳಲಿಲ್ಲ. ಎದ್ದು ಜಾಗ ಬಿಡಬೇಕಾದವನು ನಾನೇ ಅಲ್ಲವೇ?

ತಪ್ಪು ನನ್ನದೂ ಇದೆ ಅಂತ ಗೊತ್ತಾದರೆ ಸಿಟ್ಟು ಇಳಿಯುತ್ತೆ ಅನ್ನುತ್ತಾರೆ. ಯಾರು ಹೇಳಿದರೋ ಕಾಣೆ. ನನಗೆ ಇನ್ನೂ ಏರಿತು. ಬೈಯಬೇಕಿದ್ದರೆ ನನ್ನನ್ನು ಬೈಯಬಹುದಿತ್ತು. ನಾಲ್ಕು ಜನರ ಮುಂದೆ ಕಪಾಳಕ್ಕೆ ಹೊಡೆದಿದ್ದರೂ ತಲೆ ತಗ್ಗಿಸಿಕೊಳ್ಳುತ್ತಿದ್ದೆ. ಅದನ್ನು ನುಂಗಿಕೊಂಡು, ಒಂದು ತಿಂಗಳು ನನ್ನ ಮಾತಿಗೆಲ್ಲ ತಲೆ ಆಡಿಸಿ, ಕಡೆಗೆ ದೇವರ ಮುಂದೆ ಲೆಕ್ಕ ತೀರಿಸಿದನಲ್ಲ! ಏರಿನಲ್ಲಿ ಎಳೆಯುವುದು ಇಂಜಿನ್ನು, ಸೇಲ್ಸಿನವನ ಮರ್ಯಾದೆಯಲ್ಲ. ಘಾಟಿಗೆ ಗೊತ್ತಾ ಯಾರು ಯಾರಿಗೆ ಕುರ್ಚಿ ಕೊಟ್ಟರು ಅಂತ?

ಹಳೇ ಪಿಕಪ್ಪು ಎಕ್ಸ್‌ಚೇಂಜಿಗೆ ಹೋಗಿ ನೀಲಿ ಗಾಡಿ ಬಂತು. ಅರಿಶಿನ ಕುಂಕುಮ ಹಚ್ಚಿಸಿಕೊಂಡು, ನಿಂಬೆಹಣ್ಣು ತುಳಿದುಕೊಂಡು ಬಂತು. ನಾನು ಬೀಗದ ಕೈ ತೆಗೆದುಕೊಂಡೆ. ತೆಗೆದುಕೊಳ್ಳದೆ ಏನು ಮಾಡಲಿ, ಈರುಳ್ಳಿ ನನ್ನ ಸಿಟ್ಟಿಗೆ ಕಾಯುತ್ತದೆಯೇ?

ಮೊದಲ ದಿನವೇ ಗೂಡಲೂರು ದಾಟಿದ ಮೇಲೆ ಹಿಂದಿದ್ದವರು ಒಬ್ಬೊಬ್ಬರಾಗಿ ಮುಂದಾದರು. ಹಳೇ ಪರಿಚಯದ ಡ್ರೈವರೊಬ್ಬ ಕಿಟಕಿಯಿಂದ ತಲೆ ಹಾಕಿ, "ಏನಣ್ಣ, ಗಾಡಿ ಓಡಿಸ್ಕಂಡ್ ಬತ್ತಿದಿಯಾ, ತಳ್ಕಂಡ್ ಬತ್ತಿದಿಯಾ?" ಅಂತ ಹಾರನ್ನು ಒತ್ತಿ ಹೋದ. ಮಾರ್ಕೆಟ್ಟು ಮುಟ್ಟಿದಾಗ ಹತ್ತಕ್ಕೆ ಹತ್ತು ನಿಮಿಷ. ಅಣ್ಣಾಚಿಯ ಆಟೋಗಳು ಹೊರಟಾಗಿತ್ತು. ಹಳೇ ಮುಖ ನೋಡಿ ಅರ್ಧ ಇಳಿಸಿಕೊಂಡ. ಉಳಿದರ್ಧವನ್ನು ನಾನು ಅಂಗಡಿ ಅಂಗಡಿ ಅಲೆದು ಕೇಳಿದ ಬೆಲೆಗೆ ಹಾಕಿ ಬಂದೆ.

ಮೂಟೆ ಕಡಿಮೆ ಮಾಡಿದೆ. ಇಪ್ಪತ್ತಕ್ಕೆ ಇಳಿಸಿದರೆ ಒಂಬತ್ತೂವರೆಗೆ ಮುಟ್ಟುತ್ತಿದ್ದೆ, ಆದರೆ ಅಣ್ಣಾಚಿಗೆ ಬೇಕಾದದ್ದು ಮೂವತ್ತು. ಮೂವತ್ತು ಹಾಕಿದರೆ ಅವನು ಸಿಗುತ್ತಿರಲಿಲ್ಲ. ಹೀಗೇ ಮೂರು ವಾರ. ಒಂದು ಸಂಜೆ ಅಣ್ಣನ ಮುಂದೆ ನಿಂತು ಹೇಳಿದೆ:

"ನಾಳೆ ನೀನೂ ಬಾ. ಪಕ್ಕದ್ ಸೀಟಲ್ಲಿ ಕೂತ್ಕೊ. ಮೂವತ್ ಮೂಟೆ ಹಾಕನ. ನೀನೇ ನೋಡು."

ಬಂದ. ಕಾಡಿನ ದಾರಿಯಲ್ಲಿ ಜಿಂಕೆ ತೋರಿಸಿದ. ನಾನು ನೋಡಲಿಲ್ಲ. ಘಾಟಿ ಶುರುವಾಗಿ ಮೂರನೇ ತಿರುವಿಗೆ ಗಾಡಿ ಒಂದನೇ ಗೇರಿಗೆ ಇಳಿಯಿತು.

"ಇನ್ನೊಂಚೂರ್ ತುಳಿಲಾ" ಅಂದ ಅಣ್ಣ.

"ತುಳಿಯಾಕೆ ಇನ್ನೇನ್ ಉಳ್ದದ? ಇನ್ನು ತುಳುದ್ರೆ ನನ್ ಕಾಲು ರೋಡಿಗೆ ಓಯ್ತದ."

ಒಂದು ಪಿಕಪ್ಪು ಮುಂದಾಯಿತು. ಎರಡಾಯಿತು. ಬಾಳೆಗೊನೆ ತುಂಬಿದ ಹಳೇ ಮುದಿ ಲಾರಿಯೊಂದು ಏದುಸಿರು ಬಿಡುತ್ತ ನಮ್ಮನ್ನು ದಾಟಿ ಹೋಯಿತು. ಆಗ ಅಣ್ಣ ಕಿಟಕಿಯ ಗಾಜು ಏರಿಸಿದ.

ಊಟಿಯಲ್ಲಿ ಅಣ್ಣಾಚಿ ನಮ್ಮನ್ನು ನೋಡಿ ಎದ್ದು ಬಂದ. ಅಣ್ಣನ ಎರಡೂ ಕೈ ಹಿಡಿದುಕೊಂಡ, ಮನೆಯವರನ್ನೆಲ್ಲ ವಿಚಾರಿಸಿದ, ಟೀ ತರಿಸಿದ. ಎಲ್ಲ ಆದ ಮೇಲೆ ವಾಚು ತೋರಿಸಿ, ತನಗೆ ಬರುವ ಅರ್ಧಂಬರ್ಧ ಕನ್ನಡದಲ್ಲಿ ಅಂದ: "ಅಣ್ಣೇ, ಹೋಟೆಲ್‌ಕಾರ ನನಗೆ ಬೈತಾನೆ. ನಾನು ನಿಮ್ಗೆ ಬೈಯಕ್ಕಾಗಲ್ಲ. ನಾಳೆಯಿಂದ ಬೇರೆ ಆಳು ನೋಡ್ಕೊಂಡಿದೀನಿ. ತಪ್ಪು ತಿಳ್ಕೋಬೇಡಿ."

ಅಣ್ಣ ಟೀ ಪೂರ್ತಿ ಕುಡಿದ. ಲೋಟ ಕೆಳಗಿಟ್ಟು, "ಇಲ್ಲ ಇಲ್ಲ, ತಪ್ಪೇನಿಲ್ಲ" ಅಂದ.

ವಾಪಸ್ಸು ಇಳಿಯುವಾಗ ಗಾಡಿ ಖಾಲಿ, ಸದ್ದೇ ಇಲ್ಲದೆ ಓಡುತ್ತಿತ್ತು. ನಾನು ಕಾದೆ. ಒಂದೇ ಒಂದು ಮಾತು ಅಂದಿದ್ದರೆ ಸಾಕಿತ್ತು. ನಿನ್ನ ಮಾತು ಕೇಳಬೇಕಿತ್ತು ಅಂತಲೂ ಬೇಡ. ಆ ಷೋರೂಮಲ್ಲಿ ನೀನು ಎದ್ದು ನನಗೆ ಜಾಗ ಕೊಡಲಿಲ್ಲ ಅಂದಿದ್ದರೂ ಸಾಕಿತ್ತು, ಅಲ್ಲೇ ಗಾಡಿ ನಿಲ್ಲಿಸಿ ಕಾಲು ಹಿಡಿದುಕೊಳ್ಳುತ್ತಿದ್ದೆ. ಬಂಡೀಪುರ ದಾಟುವಾಗ ಅವನು ಬಾಯಿ ಬಿಟ್ಟ.

"ಇದನ್ನ ಮೈಸೂರು ಲೈನಿಗೆ ಆಕನ ಬುಡು. ಅಲ್ಲಿ ಏರಿಲ್ಲ."

ಅಷ್ಟೇ. ಹನ್ನೆರಡು ವರ್ಷದ ವಾಡಿಕೆ ಹೋದದ್ದಕ್ಕೆ ಅಷ್ಟು ಮಾತು. ನಾನು ಸ್ಟಿಯರಿಂಗನ್ನು ಹಿಡಿದಿದ್ದ ಹಿಡಿತಕ್ಕೆ ಅದು ಕಬ್ಬಾಗಿದ್ದರೆ ರಸ ಬರುತ್ತಿತ್ತು. ಈಗ ಮೈಸೂರಿಗೆ ಟೊಮೆಟೊ ಒಯ್ಯುತ್ತೇನೆ. ಗಾಡಿ ಆ ದಾರಿಯಲ್ಲಿ ಚೆನ್ನಾಗಿಯೇ ಓಡುತ್ತೆ. ಜನ ಕೇಳಿದರೆ ಅಣ್ಣ, "ಮಾದಪ್ಪ ಕೊಟ್ಟ ಗಾಡಿ, ಒಂದ್ ದಿನಾನೂ ಕೈ ಕೊಟ್ಟಿಲ್ಲ" ಅನ್ನುತ್ತಾನೆ. ನಾನು ಪಕ್ಕದಲ್ಲೇ ಇದ್ದರೂ ಅನ್ನುತ್ತಾನೆ. ನಾನು ಎದ್ದು ಹೋಗುತ್ತೇನೆ.

ಎರಡು ತಿಂಗಳಾದ ಮೇಲೆ ನಮ್ಮ ಬೀದಿಯ ಕೊನೇ ಮನೆಯವನು ನನ್ನ ಹತ್ತಿರ ಬಂದ. ಅಣ್ಣಾಚಿ ನೋಡಿಕೊಂಡಿದ್ದ ಹೊಸ ಆಳೂ ಸರಿಹೋಗದೆ, ಈಗ ಇವನನ್ನು ಕೇಳಿದ್ದನಂತೆ. ಯಾವ ಗಾಡಿ ತೆಗೆದುಕೊಳ್ಳಲಿ ಅಂದ. ಬಿಳೀದರ ಕ್ಲಚ್ಚು, ನೀಲೀದರ ಗೇರು, ಕೆಂಪಿಂದರ ಎಳೆತ, ಎಲ್ಲ ಹೇಳಿದೆ. ಹೇಳದೆ ಇಟ್ಟುಕೊಂಡು ನಾನೇನು ಮಾಡಲಿ. ಅವನು ಕೆಂಪಿಂದನ್ನೇ ತಂದ. ಮೊದಲ ಸಲ ಘಾಟಿ ಹತ್ತುವಾಗ ಜತೆಗಿರು, ತಿರುವು ತೋರಿಸು ಅಂತ ಕರೆದ. ನಮ್ಮ ಗಾಡಿಗೆ ಆವತ್ತು ರಜೆ ಹಾಕಿ ಹೋದೆ. ಆರಕ್ಕೆ ಗೇಟು ತೆಗೆದರು. ಮೂವತ್ತು ಮೂಟೆ ಈರುಳ್ಳಿ ಹೊತ್ತುಕೊಂಡು ಗಾಡಿ ಘಾಟಿಯನ್ನು ಮೂರನೇ ಗೇರಿನಲ್ಲಿ ಹತ್ತಿತು. ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಮಾರ್ಕೆಟ್ಟು ಮುಟ್ಟಿದೆವು. ಅಣ್ಣಾಚಿ ಮೂಟೆಗಳನ್ನೆಲ್ಲ ಇಳಿಸಿಕೊಂಡ.